ದುಡ್ಡು ಕಳಿಸುವವರು ಇದ್ದರು, ತಗೊಳ್ಳೋಕೆ ನಾನೇ ಇರಲಿಲ್ಲ

ಹಳೇ ಕಾಲದಲ್ಲಿ ಶೇರ್‌ವೇರ್ ಗೇಮ್‌ಗಳನ್ನು (ಒಂದು ಭಾಗ ಪುಕ್ಕಟೆ ಹಂಚಿ, ಉಳಿದದ್ದಕ್ಕೆ ದುಡ್ಡು ಕೇಳುವ ಆಟಗಳು) ಯಾರಾದರೂ ನಿಜವಾಗಿ ದುಡ್ಡು ಕೊಟ್ಟು ರಿಜಿಸ್ಟರ್ ಮಾಡಿಸುತ್ತಿದ್ದರಾ ಅಂತ ಕೇಳಿದ್ದೀರಿ. ನಿಮ್ಮ ಗೇಮ್‌ನ ಮೊದಲ ಭಾಗ ಪುಕ್ಕಟೆ ಕೊಟ್ಟರೆ ಉಳಿದದ್ದಕ್ಕೆ ನಮ್ಮ ಜನ ಕಾಸು ಬಿಚ್ಚಲ್ಲ, ಅದಕ್ಕೇ ಸುಮ್ನೆ ಜಾಹೀರಾತು ಹಾಕಿಬಿಡಲಾ ಅಂತಲೂ ಕೇಳಿದ್ದೀರಿ. ಮೊದಲನೇದಕ್ಕೆ ಉತ್ತರ: ಹೌದು, ಕೊಡುತ್ತಿದ್ದರು. ನನಗೇ ಕಳಿಸಿದ್ದರು. ನನ್ನ ಕೈಗೆ ಬರಲಿಲ್ಲ ಅಷ್ಟೇ.

1996ರಲ್ಲಿ ನಾನು ಗುಲ್ಬರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕಲಬುರಗಿ ಅಂತ ಹೆಸರು ಬದಲಾದದ್ದು 2014ರಲ್ಲಿ, ಹಾಗಾಗಿ ನನಗೆ ಆ ದಿನಗಳೆಲ್ಲ ಗುಲ್ಬರ್ಗವೇ. ಊರು ಸೇಡಂ. ಶಹಾಬಜಾರ್‌ನಲ್ಲಿ ಒಂದು ಬಾಡಿಗೆ ರೂಮು. ಸೂಪರ್ ಮಾರ್ಕೆಟ್ ಹತ್ತಿರ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಒಂದು ಸೆಂಟರ್ ಇತ್ತು. ಹೆಸರಿಗೆ ಟೈಪಿಂಗ್, ಲೋಟಸ್, ಡಿಬೇಸ್ ಕಲಿಸುವ ಜಾಗ. ಸಂಜೆ ಆದಮೇಲೆ ಅಲ್ಲಿ ನಡೆಯುತ್ತಿದ್ದದ್ದು ವುಲ್ಫೆನ್‌ಸ್ಟೈನ್ ಮತ್ತು ಡೂಮ್ ಅನ್ನುವ ಗುಂಡು ಹೊಡೆಯುವ ಆಟಗಳು.

ಡೂಮ್‌ನ ಶೇರ್‌ವೇರ್ ಎರಡು ಫ್ಲಾಪಿಯಲ್ಲಿ ಬರುತ್ತಿತ್ತು. ಅದರಲ್ಲಿದ್ದದ್ದು ಮೊದಲ ಎಪಿಸೋಡ್ ಮಾತ್ರ, 9 ಲೆವೆಲ್. ಉಳಿದ 18 ಲೆವೆಲ್ ಬೇಕಂದರೆ 40 ಡಾಲರ್ ಕೊಟ್ಟು ತರಿಸಬೇಕು. ಆಗ ಡಾಲರ್‌ಗೆ ಸುಮಾರು 35 ರೂಪಾಯಿ, ಅಂದರೆ 1,400 ರೂಪಾಯಿ. ನನ್ನ ರೂಮಿನ ಬಾಡಿಗೆ ಅಷ್ಟಾಗಬೇಕಂದರೆ ತಿಂಗಳುಗಟ್ಟಲೆ ಇರಬೇಕಿತ್ತು. ಇನ್ನು ದುಡ್ಡಿದ್ದರೂ ಕಳಿಸೋದು ಹೇಗೆ? ಆಗಿನ್ನೂ ಫೆರಾ ಕಾನೂನಿತ್ತು, ವಿದೇಶಕ್ಕೆ ಡಾಲರ್ ಕಳಿಸಬೇಕಂದರೆ ಬ್ಯಾಂಕಿನ ಮುಂದೆ ಕಾರಣ ಹೇಳಿಕೊಂಡು ಅರ್ಜಿ ಹಾಕಬೇಕು. ‘ರಾಕ್ಷಸರನ್ನು ಸುಡೋದಿದೆ ಸಾರ್’ ಅಂತ ಯಾರು ಬರೀತಾರೆ? ಆ ಕಾಲದ ಆರ್ಡರ್ ಫಾರಂಗಳಲ್ಲಿ ಅಮೆರಿಕದ 1-800 ನಂಬರ್ ಇರುತ್ತಿತ್ತು. ಗೆಳೆಯನೊಬ್ಬ ಅದನ್ನು ಹಿಡಿದುಕೊಂಡು ಎಸ್‌ಟಿಡಿ ಬೂತಿಗೇ ಹೋಗಿದ್ದ. ಬೂತಿನ ಕಾಕಾ ನಂಬರ್ ನೋಡಿ, “ಇದು ಯಾವ ಊರ ಕೋಡ್ ಅದ ತಮ್ಮಾ?” ಅಂತ ಕೇಳಿದ್ದರು.

ಹಾಗಾಗಿ ಗುಲ್ಬರ್ಗದಿಂದ ಡೂಮ್ ರಿಜಿಸ್ಟರ್ ಮಾಡಿಸಿದವರನ್ನು ನಾನು ನೋಡಿಲ್ಲ. ಹೈದರಾಬಾದ್‌ಗೆ ಹೋದವರು ಯಾರಾದರೂ ಪೂರ್ತಿ ಆಟವನ್ನೇ ಫ್ಲಾಪಿಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ನಾವು ಆಡುತ್ತಿದ್ದೆವು. ಅದನ್ನು ಮುಚ್ಚಿಡುವುದೇನಿದೆ.

ಆದರೆ ಆ ಕೊನೇ ಸ್ಕ್ರೀನ್ ನನ್ನ ತಲೆ ಕೆಡಿಸಿತ್ತು. ಆಟ ಮುಗಿದ ತಕ್ಷಣ ‘ಮುಂದಿನದು ಬೇಕಾ, ಇಲ್ಲಿಗೆ ಬರೀರಿ’ ಅನ್ನುವ ಆ ಧೈರ್ಯ! ನಾನೂ ಒಂದು ಮಾಡಿದೆ. ಹುಲಿ-ಕುರಿ ಆಟ. ಗುಡಿ ಕಟ್ಟೆಯ ಕಲ್ಲಿನ ಮೇಲೆ ಮನೆ ಕೆತ್ತಿರುತ್ತಾರಲ್ಲ, ಅದೇ. ಟರ್ಬೋ ಸಿ ಅನ್ನುವ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದದ್ದು. ‘ಹುಲಿ’ ಅನ್ನುವ ಎರಡು ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸಿ ಸ್ಕ್ರೀನ್ ಮೇಲೆ ತಂದಿದ್ದೆ, ಯಾಕಂದರೆ ಅಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಪುಕ್ಕಟೆ ಆಟದಲ್ಲಿ ಕಂಪ್ಯೂಟರ್ ಹುಲಿ, ನೀವು ಕುರಿ. ದುಡ್ಡು ಕಳಿಸಿದರೆ ಕಂಪ್ಯೂಟರ್ ಕುರಿಯನ್ನೂ ಆಡುತ್ತದೆ, ಹುಲಿಗೆ ಇನ್ನೂ ಜಾಸ್ತಿ ಬುದ್ಧಿ ಬರುತ್ತದೆ. ಬೆಲೆ 40 ರೂಪಾಯಿ, ಮನಿ ಆರ್ಡರ್ ಮಾಡಿ. 40 ಅಂತ ಇಟ್ಟದ್ದು ಡೂಮ್ ನೋಡಿಯೇ. ಡಾಲರ್ ಹೋಗಿ ರೂಪಾಯಿ ಆಯ್ತು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೂತು ಯೋಚನೆ ಮಾಡಿ, ಒಂದೊಂದು ಹೆಜ್ಜೆಗೂ ಕಾರಣ ಇಟ್ಟುಕೊಂಡು ಮಾಡಿದ ತಪ್ಪು ಇದು.

ಮೊದಲು ವಿಳಾಸವನ್ನು ಆಟದ ಜೊತೆಗೆ ಕೊಡುವ ‘ರೀಡ್‌ಮಿ’ ಅನ್ನುವ ಸೂಚನೆಯ ಫೈಲಿನಲ್ಲಿ ಹಾಕಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದು ದಿನ ಸೆಂಟರ್‌ನ ಬೇರೆ ಮಷೀನ್ ಮೇಲೆ ನನ್ನ ಆಟ ಕಂಡಿತು. ನೋಡಿದರೆ ರೀಡ್‌ಮಿ ಇಲ್ಲ! ಯಾಕೆ ಅಂತ ಯೋಚಿಸಿದೆ. ಟರ್ಬೋ ಸಿ ಆಟಕ್ಕೆ ಗ್ರಾಫಿಕ್ಸ್ ಡ್ರೈವರ್ ಫೈಲ್ ಒಂದು ಬೇರೆ ಇರುತ್ತದೆ, ಇಜಿಎ-ವಿಜಿಎ ಬಿಜಿಐ ಅಂತ. ಅದನ್ನು ಕಾಪಿ ಮಾಡದೆ ಬರೀ ಇಎಕ್ಸ್‌ಇ (ಆಟ ನಡೆಸುವ ಮುಖ್ಯ ಫೈಲು) ಒಯ್ದರೆ ‘ಗ್ರಾಫಿಕ್ಸ್ ಶುರುವಾಗಿಲ್ಲ’ ಅಂತ ಬೈಗುಳ ಬರುತ್ತದೆ. ಹಾಗಾಗಿ ಜನ ಆ ಎರಡು ಫೈಲನ್ನು ಮರೆಯದೆ ಒಯ್ಯುತ್ತಿದ್ದರು. ರೀಡ್‌ಮಿ ಇಲ್ಲದಿದ್ದರೆ ಆಟ ನಿಲ್ಲುವುದಿಲ್ಲ. ಇಲ್ಲದೆಯೂ ಆಟ ನಡೆಯುವಾಗ ಅದನ್ನು ಯಾರು ಹೊತ್ತೊಯ್ಯುತ್ತಾರೆ? ಫ್ಲಾಪಿಯಲ್ಲಿ ಜಾಗ ಬೇರೆ ಕಡಿಮೆ.

ಸರಿ, ವಿಳಾಸವನ್ನು ಇಎಕ್ಸ್‌ಇ ಒಳಗೇ ಹಾಕಿದೆ. ಆಟ ಮುಗಿದಾಗ ಸ್ಕ್ರೀನ್ ಮೇಲೆ ಬರುವ ಹಾಗೆ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಯಾರಾದರೂ ನನ್ನ ವಿಳಾಸ ಅಳಿಸಿ ತಮ್ಮದು ಹಾಕಿಕೊಂಡು ದುಡ್ಡು ಹೊಡೆದರೆ? ಫೈಲಿನ ಒಳಗನ್ನೇ ತೆರೆದು ತಿದ್ದುವ ಹೆಕ್ಸ್ ಎಡಿಟರ್ ಇದ್ದರೆ ಐದು ನಿಮಿಷದ ಕೆಲಸ. ಅದಕ್ಕೆ ಅಕ್ಷರಗಳನ್ನು ಕಲಸಿ ಬಚ್ಚಿಟ್ಟೆ. ಒಂದು ಅಕ್ಷರ ಬದಲಾದರೂ ಆಟ ಶುರುವೇ ಆಗದಂತೆ ಚೆಕ್‌ಸಮ್ ಅನ್ನುವ ಪರೀಕ್ಷೆ ಹಾಕಿದೆ. ಇಷ್ಟು ಬೀಗ ಹಾಕಿದ್ದು ಯಾವ ವಿಳಾಸಕ್ಕೆ ಗೊತ್ತಾ? ಬಾಡಿಗೆ ರೂಮಿನ ವಿಳಾಸಕ್ಕೆ.

ಸೇಡಂ ಮನೆಯ ವಿಳಾಸ ಹಾಕಬಹುದಿತ್ತು. ಹಾಕಲಿಲ್ಲ, ಅಪ್ಪನ ಭಯ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುತ್ತಿದ್ದರು. ಮಗನ ಹೆಸರಿಗೆ ‘ಹುಲಿ ಆಟ’ ಅಂತ ಮನಿ ಆರ್ಡರ್ ಬಂದರೆ ನನ್ನ ಓದು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಸೆಂಟರ್ ಮಾಲೀಕರು “ನಮ್ಮ ಅಂಗಡಿ ವಿಳಾಸ ಹಾಕು” ಅಂದಿದ್ದರು. ಅವರು ಪಾಲು ಕೇಳುತ್ತಾರೆ ಅಂತ ಒಲ್ಲೆ ಅಂದೆ. ಹೆಡ್ ಪೋಸ್ಟ್ ಆಫೀಸಿನಲ್ಲಿ ಬಾಡಿಗೆಗೆ ಬಾಕ್ಸ್ ಸಿಗುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಮೊದಲೇ ಯಾಕೆ ಖರ್ಚು ಅಂದುಕೊಂಡೆ. ರೂಮು ಬಿಡುತ್ತೇನೆ ಅನ್ನೋದು ಮಾತ್ರ ತಲೆಗೆ ಬರಲಿಲ್ಲ. ಕೋರ್ಸ್ ಮುಗಿದರೆ ಬಿಡಲೇಬೇಕಲ್ವಾ?

ಬಿಡುವ ಮುಂಚೆ ಒಂದು ಮನಿ ಆರ್ಡರ್ ಬಂದಿತ್ತು, ಬೀದರ್‌ನಿಂದ. ಕೂಪನ್ನಿನಲ್ಲಿ ಎರಡು ಸಾಲು: “ನಿಮ್ಮ ಹುಲಿ ಶುದ್ಧ ದಡ್ಡ ಅದ. ಶಾಣ್ಯಾ ಹುಲಿ ಕಳಸ್ರಿ.” ಹಿಗ್ಗಿ ಹೋದೆ. ಫ್ಲಾಪಿಯನ್ನು ಎರಡು ಲಗ್ನಪತ್ರಿಕೆಗಳ ನಡುವೆ ಇಟ್ಟು, ಅಂಚೆ ಮುದ್ರೆಯ ಏಟು ತಗಲದಂತೆ ಬಟ್ಟೆ ಸುತ್ತಿ ಕಳಿಸಿದೆ. ಆಮೇಲೆ ಏನೂ ಬರಲಿಲ್ಲ. ಇಷ್ಟೇ ನನ್ನ ವ್ಯಾಪಾರ ಅಂತ ಹೈದರಾಬಾದ್‌ಗೆ ಕೆಲಸಕ್ಕೆ ಹೋದೆ. ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಬರೆದುಕೊಟ್ಟು ಹೋಗಬಹುದಿತ್ತು. ಯಾರೂ ಕಳಿಸಲ್ಲ ಅಂದಮೇಲೆ ಯಾಕೆ ಅಂತ ಬಿಟ್ಟೆ.

1999ರಲ್ಲಿ ರಜೆಗೆ ಬಂದಾಗ ಜಗತ್ ಸರ್ಕಲ್‌ನಲ್ಲಿ ನಮ್ಮ ಓಣಿಯ ಹಳೇ ಪೋಸ್ಟ್‌ಮನ್ ಸಿಕ್ಕರು. ಸೈಕಲ್ ನಿಲ್ಲಿಸಿ ಬೈದೇ ಬಿಟ್ಟರು. “ಎಲ್ಲಿ ಹೋಗಿದ್ರಿ ಸಾಹೇಬ್ರ? ನಿಮ್ಮ ಹೆಸರಿಗಿ ರೊಕ್ಕ ಬರ್ಲಾಕತ್ತಿತ್ತು, ಹೊಳ್ಳಿ ಕಳಸಿ ಕಳಸಿ ನನಗ ಸಾಕಾಯ್ತು!” ಎಷ್ಟು ಬಂದಿತ್ತು ಅಂದೆ. “ಯಾರ್ ಲೆಕ್ಕ ಇಟ್ಟಾರ? ರಾಯಚೂರು, ಯಾದಗಿರಿ, ಬೀದರ... ತಿಂಗಳಿಗಿ ಒಂದೋ ಎರಡೋ.”

ಪಡೆಯುವವರು ಊರು ಬಿಟ್ಟಿದ್ದರೆ ಮನಿ ಆರ್ಡರ್ ಕಳಿಸಿದವರಿಗೇ ವಾಪಸ್ ಹೋಗುತ್ತಿತ್ತು. 40 ರೂಪಾಯಿ ಹೊಳ್ಳಿ ಸಿಗುತ್ತಿತ್ತು, ಕಮಿಷನ್ ಸಿಗುತ್ತಿರಲಿಲ್ಲ. ಮನೆ ಮಾಲೀಕರ ಹತ್ತಿರ ಹೋದರೆ ಒಂದು ಕಟ್ಟು ಪತ್ರ ಇತ್ತು. ಅದರಲ್ಲಿ ಯಾದಗಿರಿ ಕಡೆಯ ಮೇಷ್ಟ್ರೊಬ್ಬರ ಕಾರ್ಡು: ಎರಡು ಸಲ ಎಂ.ಓ. ಮಾಡಿದೆ, ಎರಡೂ ಸಲ ವಾಪಸ್ ಬಂತು, ದುಡ್ಡು ಬೇಡವಾದರೆ ವಿಳಾಸ ಯಾಕೆ ಹಾಕಿದಿರಿ ಅಂತ. ಇನ್ನೊಬ್ಬರ ಆಟಕ್ಕೆ ಎರಡು ಸಲ ಸಾಲಿನಲ್ಲಿ ನಿಂತು ಕೈಯಿಂದ ಕಮಿಷನ್ ಕಳೆದುಕೊಂಡ ಮನುಷ್ಯ! ಅವರಿಗೆ ಫ್ಲಾಪಿ ಪುಕ್ಕಟೆ ಕಳಿಸಿದೆ, ಈ ಸಲ ಸೇಡಂ ವಿಳಾಸ ಬರೆದು. ಅವರು ಬಿಡಲಿಲ್ಲ. ಮತ್ತೆ 40 ರೂಪಾಯಿ ಕಳಿಸಿದರು. ನಮ್ಮೂರ ಪೋಸ್ಟ್‌ಮನ್ ಅದನ್ನು ಅಪ್ಪನ ಕೈಗೇ ಕೊಟ್ಟರು. ಅಪ್ಪ ಕೂಪನ್ ಓದಿ, ಮಡಚಿ ಜೇಬಿಗೆ ಹಾಕಿಕೊಂಡು ಕೇಳಿದ್ದು ಒಂದೇ ಮಾತು: “ಬರೇ ನಲವತ್ತೇ ಯಾಕ?”

ಈಗ ನಿಮ್ಮ ಪ್ರಶ್ನೆಯ ಆ ಕಡೆ ನೋಡೋಣ. ಅಮೆರಿಕದಲ್ಲಿ ಈ ಪದ್ಧತಿಯಿಂದ ಕಂಪನಿಗಳೇ ಬೆಳೆದವು. ಅಪೋಜಿ ಅನ್ನುವ ಗೇಮ್ ಕಂಪನಿ ಶುರು ಮಾಡಿದ ಸ್ಕಾಟ್ ಮಿಲ್ಲರ್ ಮೊದಲು ತಮ್ಮ ಆಟಗಳನ್ನು ಪೂರ್ತಿ ಕೊಟ್ಟು, ಇಷ್ಟವಾದರೆ ದುಡ್ಡು ಕಳಿಸಿ ಅಂದರು. ಹೆಚ್ಚೇನೂ ಬರಲಿಲ್ಲ. 1987ರಲ್ಲಿ ಕ್ರೋಜ್ ಆಟದಲ್ಲಿ ಒಂದು ಭಾಗ ಮಾತ್ರ ಪುಕ್ಕಟೆ ಕೊಟ್ಟು ಉಳಿದದ್ದನ್ನು ಹಿಡಿದುಕೊಂಡರು, ಆಗ ಚೆಕ್ಕುಗಳು ಬರತೊಡಗಿದವು. 1990ರ ಡಿಸೆಂಬರ್‌ನಲ್ಲಿ ಅಪೋಜಿ ಮೂಲಕವೇ ಕಮಾಂಡರ್ ಕೀನ್ ಅನ್ನುವ ಆಟ ಬಂತು. ಮಾಡಿದ ಹುಡುಗರಿಗೆ ಬಂದ ಮೊದಲ ಚೆಕ್ಕು 10,500 ಡಾಲರ್. ಅವರೇ ಮುಂದೆ ಡೂಮ್ ಮಾಡಿದ್ದು.

ನನಗೆ ಜಾಸ್ತಿ ಹೊಟ್ಟೆ ಉರಿಸುವುದು ಟಿಮ್ ಸ್ವೀನಿ ಕಥೆ. ಈಗಿನ ಎಪಿಕ್ ಗೇಮ್ಸ್‌ನವರು. 1991ರಲ್ಲಿ ಜೆಡ್‌ಜೆಡ್‌ಟಿ ಅನ್ನುವ ಆಟ ಮಾಡಿ, ಆರ್ಡರ್ ಕಳಿಸೋಕೆ ಮೇರಿಲ್ಯಾಂಡ್‌ನ ಪೊಟೊಮ್ಯಾಕ್‌ನಲ್ಲಿದ್ದ ಅಪ್ಪ-ಅಮ್ಮನ ಮನೆ ವಿಳಾಸ ಕೊಟ್ಟರು. ದಿನಕ್ಕೆ ಸುಮಾರು 100 ಡಾಲರ್ ಬರುತ್ತಿತ್ತಂತೆ. ಮಗ ಬೇರೆ ಊರಿಗೆ ಹೋಗಿ ದೊಡ್ಡ ಕಂಪನಿ ಕಟ್ಟಿದ ಮೇಲೂ ಅಪ್ಪ ಅಲ್ಲೇ ಕೂತು ಡಿಸ್ಕ್ ಕಳಿಸುತ್ತಿದ್ದರು. ಕೊನೇ ಪ್ರತಿ ಹೋದದ್ದು 2013ರಲ್ಲಿ. 22 ವರ್ಷ ಒಂದೇ ವಿಳಾಸ! ನಮ್ಮ ಸೇಡಂ ಮನೆಯೂ ಇವತ್ತಿಗೂ ಅಲ್ಲೇ ಇದೆ.

ಹಾಗಾಗಿ ‘ನಮ್ಮ ಜನ ದುಡ್ಡು ಕೊಡಲ್ಲ’ ಅನ್ನುವ ಮಾತನ್ನು ನಾನು ಒಪ್ಪಲ್ಲ. ಡೂಮ್‌ಗೆ ಗುಲ್ಬರ್ಗದವರು ಕೊಡಲಿಲ್ಲ, ನಿಜ. ಕೊಡುವ ದಾರಿಯೇ ಇರಲಿಲ್ಲ. ದಾರಿ ಇದ್ದ ಕಡೆ, 40 ರೂಪಾಯಿಯ ದಡ್ಡ ಹುಲಿಗೂ ಕೊಟ್ಟರು. ಎಲ್ಲರೂ ಕೊಡಲ್ಲ. ಹೆಚ್ಚಿನವರು ಕಾಪಿ ಮಾಡಿ ಆಡಿ ಮರೆಯುತ್ತಾರೆ, ಆಗಲೂ ಹಾಗೇ, ಅಮೆರಿಕದಲ್ಲೂ ಹಾಗೇ. ಅವರ ಲೆಕ್ಕ ಹಾಕುತ್ತಾ ಕೂತರೆ ಕೊಡುವವರು ಕಾಣಿಸಲ್ಲ.

ಜಾಹೀರಾತು ಬೇಡ. ನಾಲ್ಕು ಸೆಕೆಂಡಿಗೊಮ್ಮೆ ಸಾಲದ ಆ್ಯಪ್ ತೋರಿಸುವ ಆಟವನ್ನು ನಾನಂತೂ ಅಲ್ಲೇ ತೆಗೆದುಹಾಕುತ್ತೇನೆ. ಮೊದಲ ಭಾಗ ಪುಕ್ಕಟೆ ಕೊಡಿ, ಆದರೆ ಅದರಲ್ಲಿ ಜಿಪುಣತನ ಮಾಡಬೇಡಿ. ಡೂಮ್‌ನವರು ಆಟದ ಮೂರನೇ ಒಂದು ಪಾಲನ್ನೇ ಬಿಟ್ಟುಕೊಟ್ಟಿದ್ದರು. ಪೂರ್ತಿ ಕೊಟ್ಟು ‘ದಾನ ಮಾಡಿ’ ಅಂತಲೂ ಕೇಳಬೇಡಿ.

ಇನ್ನು ದುಡ್ಡು ಬರುವ ದಾರಿ. ನಿಮ್ಮ ಯುಪಿಐ ಐಡಿ, ಮೊಬೈಲ್ ನಂಬರ್ ಯಾವುದನ್ನೂ ಗೇಮ್ ಒಳಗೆ ಬರೆಯಬೇಡಿ. ಬ್ಯಾಂಕ್ ಬದಲಾಗುತ್ತದೆ. ರಿಚಾರ್ಜ್ ಮಾಡದಿದ್ದರೆ ನಂಬರ್ ಇನ್ನೊಬ್ಬರ ಪಾಲಾಗುತ್ತದೆ. ನಿಮ್ಮದೇ ಒಂದು ಡೊಮೈನ್ (ವೆಬ್‌ಸೈಟ್ ಹೆಸರು) ತಗೊಂಡು, ಕೆಲವು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ, ಗೇಮ್‌ನಲ್ಲಿ ಆ ಲಿಂಕ್ ಮಾತ್ರ ಇಡಿ. ಲಿಂಕಿನ ಆಚೆ ಏನು ಬೇಕಾದರೂ ಬದಲಾಯಿಸಿಕೊಳ್ಳಬಹುದು. ಪ್ಲೇ ಸ್ಟೋರ್‌ನಲ್ಲೇ ಮಾರುವುದಾದರೆ ದುಡ್ಡು ಅವರ ಮೂಲಕವೇ ಬರುತ್ತದೆ, ಆಗ ಇದರ ತಲೆನೋವು ಕಡಿಮೆ. ಆದರೂ ಬೈಯೋಕೆ ಒಂದು ಇಮೇಲ್ ಇಡಿ, ಮತ್ತು ಅದನ್ನು ತೆರೆದು ನೋಡಿ.

ಎರಡನೇ ಭಾಗಕ್ಕೆ ಎಷ್ಟು ಬೆಲೆ ಇಟ್ಟಿದ್ದೀರಿ ಅಂತ ಬರೆದಿಲ್ಲ. 49ಕ್ಕಿಂತ ಕಡಿಮೆ ಇಟ್ಟಿದ್ದರೆ ಏರಿಸಿ. ಮೊದಲ ಭಾಗದ ಲಿಂಕ್ ಇಲ್ಲೇ ಕೆಳಗೆ ಹಾಕಿ, ಈ ಶನಿವಾರ ಆಡಿ ನೋಡುತ್ತೇನೆ.