ಮಣ್ಣಿನ ವಿಷವನ್ನು ನಕ್ಷೆ ತೋರಿಸಬಲ್ಲದೇ?

ಪ್ರಶ್ನೆ: ನಮ್ಮ ಮನೆ ಮತ್ತು ಅಡಿಕೆ ತೋಟ ಗೇರು ಗುಡ್ಡದ ಬುಡದಲ್ಲಿವೆ. ಕುಡಿಯುವುದಕ್ಕೆ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗದ ನೀರು. ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆ ನಿಂತು ಇಪ್ಪತ್ತು ವರ್ಷಗಳ ಮೇಲಾದರೂ ಮಣ್ಣಿನಲ್ಲಿ ಏನಾದರೂ ಉಳಿದಿರಬಹುದೇ ಎಂಬ ಆತಂಕ ನಮ್ಮನ್ನು ಬಿಟ್ಟಿಲ್ಲ. ಉಪಗ್ರಹದ ನಕ್ಷೆಯಿಂದ ವಿಷವಿರುವ ಜಾಗವನ್ನು ಗುರುತಿಸಿ, ಅಷ್ಟನ್ನು ಮಾತ್ರ ಶುದ್ಧಗೊಳಿಸಬಹುದೆಂದು ಕೇಳಿದ್ದೇನೆ. ಇದು ಎಷ್ಟರ ಮಟ್ಟಿಗೆ ನಿಜ?
– ಓದುಗರು, ಎಣ್ಮಕಜೆ

ಉತ್ತರ: ಮಣ್ಣಿನೊಳಗಿನ ಎಂಡೋಸಲ್ಫಾನ್ ಉಪಗ್ರಹಕ್ಕೆ ಕಾಣುವುದಿಲ್ಲ. ಅದನ್ನು ತಿಳಿಯಲು ಮಣ್ಣು ಅಥವಾ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು. ಆದರೆ ಮಾದರಿಯನ್ನು ಎಲ್ಲಿಂದ ತೆಗೆಯಬೇಕು, ಬಂದ ಫಲಿತಾಂಶವನ್ನು ಎಷ್ಟು ದೂರದವರೆಗೆ ನಂಬಬಹುದು, ಶುದ್ಧೀಕರಣದ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬ ಮೂರು ಪ್ರಶ್ನೆಗಳಿಗೆ ನಕ್ಷೆಯ ನೆರವಿಲ್ಲದೆ ಸರಿಯಾದ ಉತ್ತರ ಸಿಗುವುದು ಬಹಳ ಕಷ್ಟ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಮಣ್ಣಿನ ವಿಷಯದಲ್ಲಿ ಈ ಮಾತು ಸಲ್ಲುವುದಿಲ್ಲ. ಹತ್ತು ಮೀಟರ್ ಅಂತರದಲ್ಲಿ ತೆಗೆದ ಎರಡು ಮಾದರಿಗಳಲ್ಲಿ ಒಂದರಲ್ಲಿ ವಿಷವಿದ್ದು ಇನ್ನೊಂದರಲ್ಲಿ ಏನೂ ಇಲ್ಲದಿರಬಹುದು.

ನಿಮ್ಮ ಊರಿಗೆ ಇದು ಹೇಗೆ ಅನ್ವಯವಾಗುತ್ತದೆಂದು ನೋಡೋಣ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಈ ಮದ್ದನ್ನು ಸಿಂಪಡಿಸಲಾಯಿತು. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರ ಕಡಿಮೆ; ಅದು ಮಣ್ಣಿನ ಕಣಕ್ಕೂ ಕೊಳೆತ ಎಲೆಯ ಗೊಬ್ಬರಕ್ಕೂ ಅಂಟಿಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಿಮ್ಮ ಜಿಲ್ಲೆಯಲ್ಲಿ ಅದು ಮುಖ್ಯವಾಗಿ ಕೊಚ್ಚಿಹೋಗುವ ಮಣ್ಣಿನೊಂದಿಗೆ ಗುಡ್ಡದಿಂದ ಬೈಲಿಗೆ ಇಳಿಯುತ್ತದೆ. ಇಸ್ರೋದ ಕಾರ್ಟೋಸ್ಯಾಟ್ ಉಪಗ್ರಹದಿಂದ ಸಿದ್ಧವಾದ ಎತ್ತರದ ದತ್ತಾಂಶವನ್ನು ಕಂಪ್ಯೂಟರಿಗೆ ಕೊಟ್ಟರೆ, ಯಾವ ಇಳಿಜಾರಿನ ನೀರು ಯಾವ ತೋಡಿಗೆ (ಹಳ್ಳಕ್ಕೆ) ಸೇರುತ್ತದೆ, ಅದರ ವೇಗ ಎಲ್ಲಿ ತಗ್ಗಿ ಹೂಳು ನಿಲ್ಲುತ್ತದೆ ಎಂಬುದನ್ನು ಅದು ಗುರುತಿಸಿಕೊಡುತ್ತದೆ. ಹೂಳು ನಿಲ್ಲುವ ಜಾಗಗಳೆಂದರೆ ತೋಡಿಗೆ ಅಡ್ಡಲಾಗಿ ಹಾಕುವ ನಿಮ್ಮ ಕಟ್ಟಗಳು ಮತ್ತು ಮಳೆನೀರು ನಿಲ್ಲಿಸುವ ಮದಕಗಳೇ. ಅಲ್ಲಿಂದ ಎತ್ತಿದ ಹೂಳನ್ನು ಅಡಿಕೆ ಮರದ ಬುಡಕ್ಕೆ ಹಾಕುವ ರೂಢಿಯಿದ್ದರೆ, ಗುಡ್ಡದ ಮೇಲಿನ ಮಣ್ಣಿಗಿಂತ ಮೊದಲು ಆ ಹೂಳಿನ ಮಾದರಿಯನ್ನೇ ತೆಗೆಸಬೇಕೆಂದು ನನ್ನ ಅಭಿಪ್ರಾಯ.

ಇಡೀ ಗುಡ್ಡಕ್ಕಿಂತ ಹೆಚ್ಚು ಗಮನ ಬೇಡುವ ಸ್ಥಳಗಳು ಇನ್ನೂ ಕೆಲವಿವೆ. ಮದ್ದನ್ನು ದಾಸ್ತಾನು ಮಾಡಿದ್ದ ಗೋದಾಮು, ಬೆರೆಸಿ ಹೆಲಿಕಾಪ್ಟರಿಗೆ ತುಂಬಿಸುತ್ತಿದ್ದ ಜಾಗ, ಡ್ರಮ್ ತೊಳೆಯುತ್ತಿದ್ದ ಕಡೆ, ಇವುಗಳನ್ನು ಊರಿನ ಹಿರಿಯರು ಇಂದಿಗೂ ಬೆರಳಿಟ್ಟು ತೋರಿಸಬಲ್ಲರು. ಗಾಳಿಯಲ್ಲಿ ಹರಡಿ ಬಿದ್ದದ್ದು ಬಿಸಿಲು, ಮಳೆ, ಸೂಕ್ಷ್ಮಜೀವಿಗಳಿಂದ ಬಹುಮಟ್ಟಿಗೆ ಕ್ಷೀಣಿಸುತ್ತದೆ. ಒಂದೇ ಕಡೆ ಚೆಲ್ಲಿ ಆಳಕ್ಕಿಳಿದದ್ದು ಹೆಚ್ಚು ಕಾಲ ಉಳಿಯುತ್ತದೆ. ಹಿರಿಯರ ನೆನಪನ್ನು ಜಿಪಿಎಸ್ ಗುರುತಿನೊಂದಿಗೆ ನಕ್ಷೆಗೆ ಏರಿಸುವುದು ಉಪಗ್ರಹದ ಚಿತ್ರದಷ್ಟೇ ಬೆಲೆಯುಳ್ಳ ಕೆಲಸ, ಮತ್ತು ಆ ಹಿರಿಯರು ನಮ್ಮೊಂದಿಗಿರುವಾಗಲೇ ಆಗಬೇಕಾದ ಕೆಲಸ.

ಇನ್ನು ಮಾದರಿಗಳ ನಡುವಿನ ಜಾಗದ ಮಾತು. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಕ್ರಿಗ್ ಎಂಬವರು 1951ರಲ್ಲಿ, ಅಲ್ಲಲ್ಲಿ ಕೊರೆದ ರಂಧ್ರಗಳ ಅಳತೆಯಿಂದ ನಡುವಿನ ನೆಲದ ಚಿನ್ನವನ್ನು ಅಂದಾಜು ಮಾಡುವ ದಾರಿಯನ್ನು ತೋರಿಸಿದರು. ಫ್ರಾನ್ಸಿನ ಗಣಿತಜ್ಞ ಮಾಥೆರಾನ್ ಅದನ್ನು ಶಾಸ್ತ್ರವಾಗಿ ಬೆಳೆಸಿ, ಕ್ರಿಗ್ ಅವರ ಹೆಸರಿನಿಂದಲೇ ಕ್ರಿಗಿಂಗ್ ಎಂದು ಕರೆದರು. ಇಂದು ಇದೇ ವಿಧಾನವನ್ನು ಕಲುಷಿತ ನೆಲಕ್ಕೂ ಬಳಸುತ್ತಾರೆ. ಇದರ ದೊಡ್ಡ ಗುಣವೆಂದರೆ ಅದು ಅಂದಾಜಿನ ಜೊತೆಗೆ, ಆ ಅಂದಾಜು ಎಲ್ಲೆಲ್ಲಿ ದುರ್ಬಲವಾಗಿದೆ ಎಂಬುದನ್ನೂ ಹೇಳುತ್ತದೆ. ವಿಷದ ಪ್ರಮಾಣ ಮಿತಿಯನ್ನು ಮೀರಿರುವ ಸಂಭವ ಹೆಚ್ಚಿರುವ ಕಡೆ ಮಣ್ಣನ್ನು ತೆಗೆಯಬೇಕು ಅಥವಾ ಅಲ್ಲಿಯೇ ಸಂಸ್ಕರಿಸಬೇಕು. ಸಂಭವ ತೀರ ಕಡಿಮೆಯಿರುವ ಕಡೆ ನೆಲವನ್ನು ಮುಟ್ಟಬಾರದು. ಎರಡರ ನಡುವೆ ತೂಗಾಡುವ ನೆಲದಲ್ಲಿ ಮಾತ್ರ ಮತ್ತೆ ಮಾದರಿ ತೆಗೆಯಬೇಕು. ಗಡಿಯನ್ನು ಚಿಕ್ಕದಾಗಿ ಎಳೆದರೆ ವಿಷ ಉಳಿಯುತ್ತದೆ. ದೊಡ್ಡದಾಗಿ ಎಳೆದರೆ ತಲೆಮಾರುಗಳು ಕಾಪಾಡಿದ ತೋಟದ ಮೇಲ್ಮಣ್ಣು ಸುಮ್ಮನೆ ಲಾರಿಯೇರುತ್ತದೆ. ಹಣವಿದ್ದೂ ಶುದ್ಧೀಕರಣ ವಿಫಲವಾಗಬಹುದಾದದ್ದು ಇಲ್ಲಿಯೇ ಆದ್ದರಿಂದ, ಜೆಸಿಬಿ ಬರುವ ಮೊದಲು ನಕ್ಷೆ ಸಿದ್ಧವಾಗಿರಬೇಕೆಂದು ಊರಿನವರು ಪಟ್ಟು ಹಿಡಿಯಬೇಕು.

ನಿಮ್ಮ ಸುರಂಗದ ವಿಷಯದಲ್ಲಿ ಒಂದು ಎಚ್ಚರಿಕೆಯಿರಲಿ. ಸುರಂಗದ ಬಾಯಿ ನಿಮ್ಮ ಅಂಗಳದಲ್ಲಿದ್ದರೂ ನೀರು ಒಸರುವುದು ಗುಡ್ಡದ ಒಡಲಿನಿಂದ. ಮುರಕಲ್ಲಿನ (ಜಂಬಿಟ್ಟಿಗೆಯ) ಬಿರುಕುಗಳು ಮೇಲ್ಮೈಯ ಇಳಿಜಾರನ್ನೇ ಅನುಸರಿಸಬೇಕೆಂದಿಲ್ಲ. ಆದ್ದರಿಂದ ಉಪಗ್ರಹದ ಎತ್ತರದ ನಕ್ಷೆಯೊಂದನ್ನೇ ನಂಬದೆ, ಸುರಂಗ ಎಷ್ಟು ಉದ್ದವಿದೆ, ಯಾವ ದಿಕ್ಕಿಗೆ ಹೊರಳಿದೆ ಎಂಬುದನ್ನು ಅದನ್ನು ತೋಡಿದವರಿಂದ ಕೇಳಿ ಬರೆದುಕೊಳ್ಳಿ. ನೀರನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದ ಆರಂಭದಲ್ಲೊಮ್ಮೆ ಪರೀಕ್ಷಿಸಿ. ಪ್ರಯೋಗಾಲಯದವರಿಗೆ ಎಂಡೋಸಲ್ಫಾನಿನ ಆಲ್ಫಾ ಮತ್ತು ಬೀಟಾ ರೂಪಗಳೊಂದಿಗೆ ಎಂಡೋಸಲ್ಫಾನ್ ಸಲ್ಫೇಟನ್ನೂ ಅಳೆಯಲು ಹೇಳುವುದನ್ನು ಮರೆಯಬೇಡಿ, ಏಕೆಂದರೆ ಮೂಲ ವಿಷ ಒಡೆದು ಆಗುವ ಈ ಸಲ್ಫೇಟ್ ಅದರಷ್ಟೇ ಅಪಾಯಕಾರಿ ಮತ್ತು ಅದಕ್ಕಿಂತ ಹೆಚ್ಚು ಕಾಲ ಬಾಳುವಂಥದ್ದು.

ಪ್ರಶ್ನೆ: ಇಂಥ ನಕ್ಷೆಯನ್ನು ಕಾಲೇಜು ವಿದ್ಯಾರ್ಥಿಗಳು ಮಾಡಬಹುದೇ? ಅದಕ್ಕೆ ಸರ್ಕಾರಿ ಮನ್ನಣೆ ಇದೆಯೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಖಂಡಿತ ಮಾಡಬಹುದು. ಕ್ಯೂಜಿಐಎಸ್ ಎಂಬ ನಕ್ಷೆ ರಚಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎತ್ತರದ ದತ್ತಾಂಶ ಇಸ್ರೋದ ಭುವನ್ ಜಾಲತಾಣದಲ್ಲಿದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದಾದರೂ ತೋಡು, ಕಟ್ಟ, ಸುರಂಗಗಳನ್ನು ಗುರುತಿಸಲು ಸಾಕು. ಮಾದರಿ ತೆಗೆಯುವ ಕೆಲಸವನ್ನು ಮಾತ್ರ ತರಬೇತಿಯಿಲ್ಲದೆ ಮಾಡಬೇಡಿ, ಹಳೆಯ ಗೋದಾಮುಗಳ ಹತ್ತಿರವಂತೂ ಬೇಡವೇ ಬೇಡ. ನೀವು ಮಾಡಿದ ನಕ್ಷೆ ಅಧಿಕೃತ ದಾಖಲೆಯಾಗುವುದಿಲ್ಲ. ಆದರೆ ಕಲುಷಿತ ಸ್ಥಳಗಳ ನಿರ್ವಹಣೆಗಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದ ನಿಯಮಗಳಂತೆ, ಶಂಕಿತ ಸ್ಥಳಗಳನ್ನು ಪಟ್ಟಿ ಮಾಡುವ ಹೊಣೆ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ್ದು. ಪ್ರತಿ ಗುರುತಿಗೂ ಅಕ್ಷಾಂಶ, ರೇಖಾಂಶ, ದಿನಾಂಕ ಮತ್ತು ಮಾಹಿತಿಯ ಮೂಲವನ್ನು ಬರೆದು, ಮನವಿಯೊಂದಿಗೆ ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.