ಬಾಯಿ ಕ್ಯಾನ್ಸರ್ ಮತ್ತೆ ಬರುತ್ತಾ ಎಂದು ಮೈಕ್ರೋಆರ್‌ಎನ್‌ಎ ಟೆಸ್ಟ್ ಹೇಳುತ್ತಾ?

ನಿಮ್ಮ ಮಾವ ಚನ್ನಗಿರಿ ಊರಿನವರು, ಕೆನ್ನೆ ಒಳಗಿನ ಕ್ಯಾನ್ಸರ್‌ಗೆ ದಾವಣಗೆರೆಯಲ್ಲಿ ಆಪರೇಷನ್ ಆಗಿದೆ, ಈಗ ಯಾರೋ ರಕ್ತದ ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಿ ಎನ್ನುತ್ತಿದ್ದಾರೆ, ಮಾಡಿಸಬೇಕಾ ಎಂದು ಕೇಳಿದ್ದೀರಿ.

ಬೇಡ. ಆ ದುಡ್ಡು ರೇಡಿಯೇಷನ್‌ಗೆ ಓಡಾಡಲು ಇಟ್ಟುಕೊಳ್ಳಿ.

ನಾನು ದಾವಣಗೆರೆಯಲ್ಲೇ ಪೆಥಾಲಜಿ ಲ್ಯಾಬ್‌ನಲ್ಲಿದ್ದೇನೆ. ಬಾಯಿ ಕ್ಯಾನ್ಸರ್ ಸ್ಲೈಡುಗಳು ನಮ್ಮ ಟೇಬಲ್‌ಗೆ ಬರುತ್ತಲೇ ಇರುತ್ತವೆ. ತಂಬಾಕು ಇಲ್ಲದಿದ್ದರೂ ಅಡಿಕೆ ಒಂದೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ ಹೇಳಿ ಎಷ್ಟೋ ವರ್ಷವಾಯಿತು. ನಮ್ಮ ಅಡಿಕೆ ಸೀಮೆಯಲ್ಲಿ ಈ ಮಾತೆತ್ತಿದರೆ ಜಗಳವೇ ಆಗುತ್ತದೆ, ಇರಲಿ.

ಮೈಕ್ರೋಆರ್‌ಎನ್‌ಎ ಅನ್ನುವುದು ಸುಮ್ನೆ ಹುಟ್ಟಿಸಿದ ಹೆಸರಲ್ಲ. ಸುಮಾರು 22 ಅಕ್ಷರದಷ್ಟು ಉದ್ದದ ಪುಟ್ಟ ಆರ್‌ಎನ್‌ಎ ಅದು. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ, ಬೇರೆ ಜೀನ್‌ಗಳ ಸಂದೇಶಕ್ಕೆ ಬ್ರೇಕ್ ಹಾಕುತ್ತದೆ. ಇದು ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಸಣ್ಣ ಹುಳುವಿನಲ್ಲಿ. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರಫ್ಕನ್‌ಗೆ 2024ರ ನೊಬೆಲ್ ಬಂತು. ಒಂದು ಬಗೆಯ ರಕ್ತ ಕ್ಯಾನ್ಸರ್ ಇರುವ ಎಷ್ಟೋ ರೋಗಿಗಳಲ್ಲಿ ಮಿರ್-15 ಮತ್ತು ಮಿರ್-16 (ಮಿರ್ ಅಂದರೆ ಮೈಕ್ರೋಆರ್‌ಎನ್‌ಎ, ಮುಂದಿನದು ಅದರ ನಂಬರ್) ಇರುವ ಡಿಎನ್‌ಎ ಜಾಗವೇ ಅಳಿಸಿಹೋಗಿರುತ್ತದೆ ಎಂದು 2002ರಲ್ಲಿ ತೋರಿಸಿದರು. ಬಾಯಿ ಕ್ಯಾನ್ಸರ್‌ನಲ್ಲಿ ಮಿರ್-21, ಮಿರ್-31 ಏರುತ್ತವೆ. ರಕ್ತದಲ್ಲಿ ಇವು ಸುಲಭವಾಗಿ ಕೆಡುವುದಿಲ್ಲ ಎಂದು 2008ರಲ್ಲಿ ಗೊತ್ತಾದ ಮೇಲಂತೂ ರಕ್ತ ನೋಡಿಯೇ ಕ್ಯಾನ್ಸರ್ ಪತ್ತೆ ಮಾಡಬಹುದು ಎಂದು ಎಲ್ಲರಿಗೂ ಆಸೆ ಹುಟ್ಟಿತು.

ಹಾಗಾದರೆ ತೊಂದರೆ ಏನು? ಮಿರ್-21 ಬಾಯಿ ಕ್ಯಾನ್ಸರ್‌ಗೆ ಮಾತ್ರ ಏರುವುದಿಲ್ಲ. ಹಲವು ಕ್ಯಾನ್ಸರ್‌ಗಳಲ್ಲಿ ಏರುತ್ತದೆ, ಬರೀ ಉರಿಯೂತಕ್ಕೂ ಏರುತ್ತದೆ. ನಿಮ್ಮ ಮಾವನ ಬಾಯಲ್ಲಿ ಈಗ ಹಸಿ ಗಾಯವಿದೆ, ಅಲ್ವಾ? ಇನ್ನೊಂದು ತೊಂದರೆ ಲ್ಯಾಬ್‌ನವರಿಗೆ ಮಾತ್ರ ಗೊತ್ತಿರುವಂಥದ್ದು. ಇಲ್ಲಿ ರಕ್ತ ತೆಗೆದು, ಬೇಸಿಗೆಯಲ್ಲಿ ಕೊರಿಯರ್ ಮಾಡಿ ಬೆಂಗಳೂರಿಗೆ ಕಳಿಸುವಾಗ ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಮಿರ್-16, ಮಿರ್-451 ಪ್ಲಾಸ್ಮಾಕ್ಕೆ, ಅಂದರೆ ಟೆಸ್ಟ್ ಮಾಡುವ ರಕ್ತದ ನೀರಿನ ಭಾಗಕ್ಕೆ, ಸುರಿಯುತ್ತವೆ. ಎಷ್ಟೋ ಲ್ಯಾಬ್‌ಗಳು ಬೇರೆ ಮೈಕ್ರೋಆರ್‌ಎನ್‌ಎಗಳನ್ನು ಅಳೆಯುವಾಗ ಹೋಲಿಕೆಗೆ ಇಟ್ಟುಕೊಂಡಿದ್ದು ಇದೇ ಮಿರ್-16. ಅಳತೆಗೋಲೇ ಹಿಗ್ಗಿದರೆ ನಂಬರ್‌ಗೆ ಏನು ಅರ್ಥ?

ಸಂಶೋಧನೆಯಲ್ಲಿ ಹೇಳುವುದು ಗುಂಪಿನ ಸರಾಸರಿ. ಮಟ್ಟ ಜಾಸ್ತಿ ಇದ್ದವರ ಗುಂಪಿನಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ, ಅಷ್ಟೇ. ಕಾಯಿಲೆ ಮರಳಿದವರ ಮತ್ತು ಮರಳದವರ ನಂಬರ್‌ಗಳು ಒಂದರೊಳಗೊಂದು ಬೆರೆತಿರುತ್ತವೆ. ನಿಮ್ಮ ಮಾವ ಯಾವ ಕಡೆ ಎಂದು ಒಂದು ನಂಬರ್ ನೋಡಿ ಹೇಳಲು ಬರುವುದಿಲ್ಲ. ಹೇಳಿದರೂ ಡಾಕ್ಟರ್ ಅದನ್ನು ನೋಡಿ ಚಿಕಿತ್ಸೆ ಬದಲಿಸುವುದಿಲ್ಲ.

ನಿಮಗೆ ಬೇಕಾದ ಉತ್ತರದ ಬಹುಪಾಲು ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟ್‌ನಲ್ಲೇ ಇದೆ. ಗಡ್ಡೆ ಎಷ್ಟು ಆಳ ಇಳಿದಿದೆ ನೋಡಿ. 10 ಮಿಲಿಮೀಟರ್ ದಾಟಿದ್ದರೆ ಹಂತ ಮೇಲೇರುತ್ತದೆ. ಕತ್ತರಿಸಿದ ಅಂಚಿನಿಂದ ಕ್ಯಾನ್ಸರ್ ಎಷ್ಟು ದೂರವಿದೆ? 5 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ದೊಡ್ಡದು ಕತ್ತಿನ ಗಂಟು, ಅಂದರೆ ಕತ್ತಿನಲ್ಲಿರುವ ದುಗ್ಧ ಗ್ರಂಥಿ (ಲಿಂಫ್ ನೋಡ್). ಅದಕ್ಕೆ ಹರಡಿದ್ದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಂಟಿನ ಹೊದಿಕೆ ಒಡೆದು ಹೊರಬಂದಿದ್ದರೆ ರೇಡಿಯೇಷನ್ ಜೊತೆಗೆ ಕೀಮೋ ಕೂಡ ಕೊಡುತ್ತಾರೆ. ಇವನ್ನೆಲ್ಲ ನೋಡಿಯೇ ಡಾಕ್ಟರ್ ನಿರ್ಧಾರ ಮಾಡುವುದು.

ರೇಡಿಯೇಷನ್ ಬೇಕು ಎಂದಿದ್ದರೆ ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು. ಹಬ್ಬ, ಅಡಿಕೆ ಕೊಯ್ಲು ಎಂದು ಮುಂದೂಡಬೇಡಿ. ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ 2 ವರ್ಷದಲ್ಲೇ ಬರುತ್ತದೆ, ಹಾಗಾಗಿ ಆ ಅವಧಿಯ ಚೆಕಪ್ ಒಂದೂ ತಪ್ಪಿಸಬೇಡಿ. ಅಡಿಕೆ, ಗುಟ್ಕಾ ಪೂರ್ತಿ ಬಂದ್.

ರಿಪೋರ್ಟ್‌ನ ಕೊನೆಯ ಕೆಲವು ಸಾಲು ಇಲ್ಲಿ ಟೈಪ್ ಮಾಡಿ ಹಾಕಿ. ಹೆಸರು, ಆಸ್ಪತ್ರೆ ನಂಬರ್ ಬೇಡ. ಅದರಲ್ಲಿ ಏನಿದೆ ಎಂದು ಬಿಡಿಸಿ ಹೇಳುತ್ತೇನೆ.