‘ಅವ್ವಾ, ನಾನು ಹುಡುಗ’ ಅಂದಳು ಮಗಳು, ಏನು ಮಾಡಲಿ ಅಕ್ಕೋರೆ?

ಪ್ರಶ್ನೆ: ಅಕ್ಕೋರೆ, ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ. ಮಗಳಿಗೆ 16 ವರ್ಷ. ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದಾಗ ಫೋನಿನಲ್ಲಿ ಯಾರ ಜೊತೆಗೋ ಹಿಂದಿಯಲ್ಲಿ ‘ಮೈ ಆತಾ ಹೂಂ’ ಅಂತ ಗಂಡುಹುಡುಗರ ಹಾಗೆ ಹೇಳುತ್ತಿದ್ದಳು. ಬಾಯಿ ತಪ್ಪಿ ಬಂದಿರಬೇಕು ಅಂದುಕೊಂಡೆ. ಕೇಳಿದ್ದಕ್ಕೆ ಅತ್ತುಬಿಟ್ಟಳು, ‘ಅವ್ವಾ, ನಾನು ಹುಡುಗ’ ಅಂದಳು. ಟೆಲಿಗ್ರಾಂನಲ್ಲಿ ಇಂಥ ಮಕ್ಕಳದೇ ಒಂದು ಗ್ರೂಪ್ ಇದೆಯಂತೆ, ಅಲ್ಲಿ ಅವಳಿಗೆ ಬೇರೆ ಹೆಸರು. ಎದೆಗೆ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಳ್ಳುತ್ತಾಳೆ. ಬ್ಯಾಗಿನಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನಿನ ಜೆಲ್ ಸಿಕ್ಕಿತು. ಅವರಪ್ಪ ಫೋನ್ ಕಸಿದುಕೊಂಡಿದ್ದಾರೆ. ನಾದಿನಿ ‘ಲಗ್ನ ಮಾಡಿಬಿಡ್ರಿ, ಎಲ್ಲಾ ಸರಿ ಹೋಗ್ತದ’ ಅಂತಾಳೆ. ಗ್ರೂಪ್‌ನವರೇ ತಲೆ ಕೆಡಿಸಿದರಾ? ನಾಳೆ ಆಪರೇಷನ್ ಬೇಕು ಅಂತ ಹಠ ಹಿಡಿದರೆ?

ಉತ್ತರ: ನೋಡ್ರಿ ತಂಗಿ, ಮೊದಲು ಆ ಜೆಲ್. ಎಷ್ಟು ದಿನದಿಂದ ಹಚ್ಚಿಕೊಳ್ಳುತ್ತಿದೆ ಅಂತ ಬೈಯದೆ ಕೇಳಿ, ಟ್ಯೂಬ್ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. (ನಾನು ‘ಮಗು’ ಅಂತಲೇ ಬರೆಯುತ್ತೇನೆ, ಅವಳು ಅವನು ಅನ್ನುವುದನ್ನು ಆ ಮಗುವೇ ಹೇಳಲಿ.) ಟೆಸ್ಟೋಸ್ಟೆರಾನ್ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಅದರಿಂದ ದನಿ ಒಡೆದರೆ ಆಮೇಲೆ ಜೆಲ್ ಬಿಟ್ಟರೂ ಮೊದಲಿನ ದನಿ ವಾಪಸ್ ಬರುವುದಿಲ್ಲ. ರಕ್ತದಲ್ಲಿ ಕೆಂಪು ಕಣ ಜಾಸ್ತಿಯಾಗಿ ರಕ್ತ ಗಟ್ಟಿಯಾಗಬಹುದು, ಅದಕ್ಕೇ ಡಾಕ್ಟರುಗಳು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಜೆಲ್ ಹಚ್ಚಿದ ಚರ್ಮ ಮನೆಯ ಸಣ್ಣ ಮಕ್ಕಳಿಗೆ ತಾಗಿದರೆ ಅವರ ಮೈಗೂ ಔಷಧ ಇಳಿಯುತ್ತದೆ. ಇನ್ನು ಕ್ರೇಪ್ ಬ್ಯಾಂಡೇಜ್ ಬೇಡವೇ ಬೇಡ, ಉಸಿರಾಡಿದಂತೆಲ್ಲ ಬಿಗಿಯಾಗಿ ಪಕ್ಕೆಲುಬು ನೋಯಿಸುತ್ತದೆ. ಅದರ ಬದಲು ಬಿಗಿಯಾದ ಸ್ಪೋರ್ಟ್ಸ್ ಬ್ರಾ ಕೊಡಿಸಿ, ರಾತ್ರಿ ಮಲಗುವಾಗ ಅದೂ ಬೇಡ.

ಗ್ರೂಪ್ ತಲೆ ಕೆಡಿಸಿತಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಕಲಬುರಗಿಯಲ್ಲಿ ವರ್ಷಾನುಗಟ್ಟಲೆ ಇಂಥ ವಯಸ್ಸಿನ ಮಕ್ಕಳ ಜೊತೆ ಕೂತು ಮಾತಾಡಿದ್ದೇನೆ, ನೀವೇ ಯೋಚನೆ ಮಾಡಿ, ಮನಸ್ಸಿನಲ್ಲಿ ಹೀಗೊಂದು ಸಂಕಟ ಇಟ್ಟುಕೊಂಡ ಮಗು ಹಾಸ್ಟೆಲ್‌ನಲ್ಲಿ ಯಾರ ಹತ್ತಿರ ಹೇಳಬೇಕಿತ್ತು? ನಮ್ಮ ಕಡೆ ಈ ವಿಷಯಕ್ಕೆ ಇರುವ ಮಾತುಗಳಲ್ಲಿ ಮುಕ್ಕಾಲು ಬೈಗುಳವೇ. ಕನ್ನಡದಲ್ಲಿ ‘ನಾನು ಬಂದೆ, ಹೋದೆ’ ಅನ್ನುವಾಗ ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ, ಹಾಗಾಗಿ ಮನೆಯಲ್ಲಿ ಇಷ್ಟು ದಿನ ನಡೆದುಹೋಯಿತು. ಹಿಂದಿಯಲ್ಲಿ ಒಂದನ್ನು ಆರಿಸಲೇಬೇಕು, ಅಲ್ಲಿ ನಿಮ್ಮ ಕಿವಿಗೆ ಬಿತ್ತು. ಅದು ಬಾಯಿ ತಪ್ಪಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಗ್ರೂಪ್‌ನಲ್ಲಿ ಹೇಳುವುದೆಲ್ಲ ಸರಿ ಅನ್ನುತ್ತಿಲ್ಲ. ಅಲ್ಲಿ ಗೆಳೆತನ ಸಿಗುತ್ತದೆ, ನಿಜ. ಆದರೆ ಡೋಸ್ ಹೇಳಿಕೊಡುವವನು ನಿಮ್ಮ ಮಗುವಿನ ರಕ್ತದ ರಿಪೋರ್ಟ್ ನೋಡಿಲ್ಲ. ಈ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಈ ಭಾವನೆ ಜೀವನಪೂರ್ತಿ ಉಳಿಯುತ್ತದೆ, ಕೆಲವರಿಗೆ ಬದಲಾಗುತ್ತದೆ, ಇವತ್ತೇ ನೋಡಿ ಇದು ಇಂಥದ್ದೇ ಅಂತ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಹಾರ್ಮೋನ್ ಟೆಸ್ಟ್ ಮಾಡಿಸಿದರೆ ಸಾಮಾನ್ಯವಾಗಿ ನಾರ್ಮಲ್ ಅಂತಲೇ ಬರುತ್ತದೆ. ಯಾವಾಗಿನಿಂದ ಹೀಗನ್ನಿಸುತ್ತಿದೆ, ಮುಟ್ಟಾದಾಗ ಏನನ್ನಿಸಿತು, ಕಾಲೇಜಿನಲ್ಲಿ ಯಾರಾದರೂ ಕಾಡುತ್ತಾರಾ ಅಂತ ನಿಧಾನವಾಗಿ ಕೇಳಿ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಎದುರಿಗೆ ನಿಲ್ಲಿಸಿಕೊಂಡು ಬೇಡ. ಫೋನ್ ವಾಪಸ್ ಕೊಡಲು ಅವರಪ್ಪನಿಗೆ ಹೇಳಿ. ಇದ್ದ ಗೆಳೆಯರನ್ನೂ ಕಿತ್ತುಕೊಂಡರೆ ಮಗು ಪೂರಾ ಒಂಟಿಯಾಗುತ್ತದೆ, ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಅದೇ. ‘ಸಾಯಬೇಕು ಅನ್ನಿಸುತ್ತದಾ’ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಬರುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆಮೇಲೆ ಮನೋವೈದ್ಯರು, ಹಾರ್ಮೋನ್ ನೋಡುವ ಎಂಡೋಕ್ರೈನಾಲಜಿಸ್ಟ್, ಇಬ್ಬರನ್ನೂ ಕಾಣಿ. ಇದು ಹುಚ್ಚು ಅಂತ ಯಾರಾದರೂ ಅಂದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳಿಂದ ತೆಗೆದಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ‘ಈ ಭಾವನೆಯನ್ನೇ ಬದಲಾಯಿಸಿಕೊಡುತ್ತೇನೆ’ ಅನ್ನುವ ಡಾಕ್ಟರ ಕಡೆ ಹೋಗಲೇಬೇಡಿ, ಅಂಥ ಚಿಕಿತ್ಸೆ ವೃತ್ತಿಗೆ ತಕ್ಕದ್ದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆಪರೇಷನ್ ಬಗ್ಗೆ ಈಗ ಹೆದರಬೇಡಿ, 18 ತುಂಬದೆ ನಮ್ಮ ಡಾಕ್ಟರುಗಳು ಅದಕ್ಕೆ ಕೈ ಹಾಕುವುದಿಲ್ಲ. ಗ್ರೂಪ್‌ನಲ್ಲಿ ‘ಬ್ಲಾಕರ್’ ಅನ್ನುವ ಮಾತೂ ಕೇಳಿರಬಹುದು. ಮೈ ನೆರೆಯುವುದನ್ನು ತಡೆದು ನಿಲ್ಲಿಸುವ ಔಷಧ ಅದು, 16ಕ್ಕೆ ಆ ಬೆಳವಣಿಗೆ ಹೆಚ್ಚುಕಡಿಮೆ ಮುಗಿದೇ ಇರುತ್ತದೆ. ಅದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ತಜ್ಞೆ ಹಿಲರಿ ಕ್ಯಾಸ್ 2024ರಲ್ಲಿ ವರದಿ ಕೊಟ್ಟು ಪುರಾವೆ ಗಟ್ಟಿಯಾಗಿಲ್ಲ ಅಂದರು, ಅಲ್ಲಿ ಮಕ್ಕಳಿಗೆ ಅದನ್ನು ಕೊಡುವುದು ಬಹುಮಟ್ಟಿಗೆ ನಿಂತಿದೆ. ಬೇರೆ ಎಷ್ಟೋ ವೈದ್ಯರ ಸಂಘಗಳು ಎಲ್ಲರಿಗೂ ಬಾಗಿಲು ಮುಚ್ಚುವುದು ತಪ್ಪು, ಒಂದೊಂದು ಮಗುವನ್ನೂ ನೋಡಿ ತೀರ್ಮಾನಿಸಿ ಅನ್ನುತ್ತವೆ. ನನ್ನ ಮಾತು ಕೇಳುವುದಾದರೆ, ಔಷಧಕ್ಕೆ ಅವಸರ ಬೇಡ, ಮಗುವಿನ ಮಾತು ಕೇಳುವುದಕ್ಕೆ ತಡ ಬೇಡ. ತಲೆಗೂದಲು, ಬಟ್ಟೆ, ಮನೆಯಲ್ಲಿ ಕರೆಯುವ ಹೆಸರು, ಇವಕ್ಕೆ ಯಾವ ಡಾಕ್ಟರೂ ಬೇಕಾಗಿಲ್ಲ, ಬೇಕಾದರೆ ನಾಳೆ ಬದಲಾಯಿಸಲೂಬಹುದು.

ಲಗ್ನದ ಮಾತು ಎತ್ತಿದವರಿಗೆ 18 ಆಗದೆ ಮದುವೆ ಮಾಡಿದರೆ ಜೈಲು ಅಂತ ಹೇಳಿ. 18 ಆದ ಮೇಲೂ, ಒಲ್ಲೆ ಅನ್ನುವ ಮಗುವಿಗೆ ತಾಳಿ ಕಟ್ಟಿಸಿ ಎರಡು ಮನೆಯನ್ನು ಯಾಕೆ ಅಳಿಸಬೇಕು?

ಪ್ರಶ್ನೆ: ನನಗೆ 20 ವರ್ಷ, ಬೀದರ್‌ನವಳು. ಹುಟ್ಟಿದಾಗ ಗಂಡು ಅಂದರು, ನಾನು ಹೆಣ್ಣು. ಆನ್‌ಲೈನ್ ಗೆಳತಿ ಹೇಳಿದಳು ಅಂತ ನಾಲ್ಕು ತಿಂಗಳಿಂದ ಗರ್ಭನಿರೋಧಕ ಮಾತ್ರೆ ದಿನಕ್ಕೆ ಮೂರು ನುಂಗುತ್ತಿದ್ದೇನೆ. ಈಗ ಎಡಗಾಲಿನ ಮೀನಖಂಡ ನೋಯುತ್ತದೆ. ಡಾಕ್ಟರ ಹತ್ತಿರ ಹೋದರೆ ನಗುತ್ತಾರೆ ಅಂತ ಭಯ.

ಉತ್ತರ: ತಂಗಿ, ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಹೊರಡು. ಆ ಮಾತ್ರೆಗಳಲ್ಲಿರುವ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಜಾಸ್ತಿಯಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕಾಲು ತಿಕ್ಕಬೇಡ, ಎಣ್ಣೆ ಹಚ್ಚಿ ಮಾಲೀಶ್ ಮಾಡಬೇಡ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡು. 2019ರ ಕಾಯ್ದೆ ಪ್ರಕಾರ ಟ್ರಾನ್ಸ್‌ಜೆಂಡರ್ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹಾರ್ಮೋನ್ ಬೇಕು ಅನ್ನುವ ನಿನ್ನ ಆಸೆ ತಪ್ಪಲ್ಲ, ರಕ್ತ ಪರೀಕ್ಷೆ ಮಾಡಿ ಸರಿಯಾದ ಅಳತೆಯಲ್ಲಿ ಕೊಡುವ ಡಾಕ್ಟರುಗಳಿದ್ದಾರೆ. ಆದರೆ ಅದು ಆಮೇಲೆ. ಇವತ್ತು ಮಾತ್ರೆ ನಿಲ್ಲಿಸು, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಜೊತೆಗೆ ತಗೊಂಡು ಹೋಗು, ದಿನಕ್ಕೆ ಮೂರು ಅಂತ ಇದ್ದದ್ದು ಇದ್ದ ಹಾಗೆ ಹೇಳು.